ಗ್ಯಾರೇಜಿನ ನೆಲದಲ್ಲಿ ಬಿಟ್ಟ ಸಂದು

ನಮ್ಮ ಊರಿನವರು ಹುಟ್ಟಿನಿಂದಲೇ ಮೇಲೆ ನೋಡುವ ಜನ. ವಿಜಾಪುರದಲ್ಲಿ ಹುಟ್ಟಿದ ಮೇಲೆ ಅದು ತಪ್ಪುವುದಿಲ್ಲ. ಬೀಗರು ಬಂದರೂ, ಬೇರೆ ಊರಿನ ಗೆಳೆಯರು ಬಂದರೂ ಗುಮ್ಮಟದ ಕೆಳಗೆ ಒಯ್ದು ನಿಲ್ಲಿಸಿ, ಕತ್ತು ನೋಯುವವರೆಗೆ ಮೇಲೆ ನೋಡಿಸಿಯೇ ಕಳಿಸುತ್ತೇವೆ. ನಾನೊಬ್ಬ ಮಾತ್ರ ಎಲ್ಲಿಗೆ ಹೋದರೂ ಕೆಳಗೆ ನೋಡುತ್ತೇನೆ. ಕಚೇರಿಯಿರಲಿ, ದವಾಖಾನೆಯಿರಲಿ, ಮದುವೆಯ ಮಂಟಪವಿರಲಿ, ನನ್ನ ಕಣ್ಣು ಮೊದಲು ಹೋಗುವುದು ನೆಲಕ್ಕೆ. ಇದನ್ನು ವಿನಯವೆಂದು ನನ್ನ ಹೆಂಡತಿ ಬಹುಕಾಲ ನಂಬಿದ್ದಳು. ವಿನಯ ಅಲ್ಲ. ಕಾಂಕ್ರೀಟಿನ ಎರಡು ಚೌಕಗಳ ನಡುವೆ ಬೆರಳಗಲದ ಗೆರೆಯೊಂದು ಇರುತ್ತದಲ್ಲ, ಅದರಲ್ಲಿ ಏನು ತುಂಬಿದ್ದಾರೆ ಎಂದು ನೋಡುತ್ತೇನೆ, ಅಷ್ಟೆ.

ಆ ಗೆರೆಗೆ ನಮ್ಮ ಕಡೆ ಸಂದು ಎನ್ನುತ್ತಾರೆ. ಸಂದು ಎಂಬುದು ಸಂಧಿಯ ಬಡ ತಮ್ಮ. ಸಾಲೆಯಲ್ಲಿ ಮಾಸ್ತರರು ಲೋಪ, ಆಗಮ, ಆದೇಶ ಎಂದು ಮೂರು ಸಂಧಿಗಳನ್ನು ಕಲಿಸಿದ್ದರು. ಎರಡು ಪದಗಳು ಕೂಡುವಾಗ ಅಕ್ಷರವೊಂದು ಬಿದ್ದುಹೋಗುತ್ತದೆ, ಇಲ್ಲವೇ ಹೊಸದೊಂದು ಬಂದು ಸೇರುತ್ತದೆ, ಇಲ್ಲವೇ ಒಂದರ ಜಾಗದಲ್ಲಿ ಇನ್ನೊಂದು ಕೂಡುತ್ತದೆ. ನಾನು ಮೊದಲು ಕೆಲಸಕ್ಕೆ ಸೇರಿದ ಗ್ಯಾರೇಜಿನ ನೆಲದಲ್ಲಿ ಈ ಮೂರೂ ಇದ್ದವು. ಲೋಪವಾದದ್ದು ಡಾಂಬರು, ಆಗಮವಾದದ್ದು ಕಸ, ಆದೇಶ ಸಾವಕಾರರದು.

ಅರವತ್ತರ ದಶಕದ ಮೊದಲ ವರ್ಷಗಳು. ಗ್ಯಾರೇಜು ತಿಕೋಟಾ ರಸ್ತೆಯ ಮೇಲೆ, ಊರು ಮುಗಿದು ಜೋಳದ ಹೊಲ ಶುರುವಾಗುವ ಕಡೆ ಇತ್ತು. ಸಂಗಪ್ಪ ಸಾವಕಾರರಿಗೆ ಹತ್ತಿ ಮತ್ತು ಶೇಂಗಾದ ವ್ಯಾಪಾರ, ಮಾಲು ಸಾಗಿಸಲು ನಾಲ್ಕು ಲಾರಿ. ಲಾರಿಗಳ ಹೋಕು-ಬರವು ಬರೆದಿಡುವ ಕಾರಕೂನನಾಗಿ ನನ್ನನ್ನು ತೆಗೆದುಕೊಂಡಿದ್ದರು. ಆರು ತಿಂಗಳು ನೋಡೋಣ ಎಂಬ ಕರಾರಿನ ಮೇಲೆ. ತಗಡಿನ ಮಾಡು, ಮುಂದೆ ಬಿಸಿಲಿಗೆ ಬಿಟ್ಟ ಅಂಗಳ, ಒಳಗೂ ಹೊರಗೂ ಒಂದೇ ಕಾಂಕ್ರೀಟಿನ ನೆಲ. ಹತ್ತು ವರ್ಷದ ಹಿಂದೆ ಯಾವುದೋ ಆಣೆಕಟ್ಟಿನ ಮೇಲೆ ಕೆಲಸ ಮಾಡಿದ್ದವನೊಬ್ಬ ಬಂದು ಆ ನೆಲ ಹಾಕಿದ್ದನಂತೆ. ಚೌಕ ಚೌಕವಾಗಿ ಹಾಕಿ, ನಡುವೆ ಸಂದು ಬಿಟ್ಟು, ಅದರೊಳಗೆ ಕಟ್ಟಿಗೆಯ ಪಟ್ಟಿ ಇಳಿಸಿ, ಮೇಲೆ ಡಾಂಬರು ಹೊಯ್ದಿದ್ದ. ಯಾಕೆ ಬಿಟ್ಟೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳದೆ ಹೋದ. ಕಟ್ಟಿಗೆಯನ್ನು ಗೆದ್ದಲು ತಿಂದಿತು. ಡಾಂಬರು ಒಣಗಿ ಪುಡಿಯಾಯಿತು. ನಾನು ಬರುವ ಹೊತ್ತಿಗೆ ಸಂದುಗಳಲ್ಲಿ ಮಣ್ಣು, ಶೇಂಗಾದ ಸಿಪ್ಪೆ, ಬೀಡಿಯ ತುಂಡು, ಕಳೆದುಹೋದ ನಟ್ಟುಗಳು ನೆಮ್ಮದಿಯಿಂದ ಇದ್ದವು. ಗಾಲಿ ಉರುಳಿ ಉರುಳಿ ಅಂಚುಗಳು ಉದುರುತ್ತಿದ್ದವು.

ಒಂದು ದಿನ ಲಾರಿ ರಿಪೇರಿಯ ಮಿಸ್ತ್ರಿ ಜಾಕ್ ತಳ್ಳುತ್ತಿದ್ದಾಗ ಅದರ ಗಾಲಿ ಸಂದಿನಲ್ಲಿ ಸಿಕ್ಕು, ಮೇಲೆತ್ತಿದ್ದ ಲಾರಿ ಒಂದು ಕಡೆ ವಾಲಿತು. ಮಿಸ್ತ್ರಿ ಕೈ ಎಳೆದುಕೊಂಡ, ಉಗುರು ಮಾತ್ರ ಹೋಯಿತು. ಸಾವಕಾರರು ಬಂದು ಉಗುರನ್ನೂ ಸಂದನ್ನೂ ನೋಡಿ, "ಮೊದ್ಲ ಈ ಸಂದು ರಿಪೇರಿ ಮಾಡಸು," ಎಂದು ನನಗೆ ಹೇಳಿದರು.

ಹೀಗೆ ಘೋಣಸಗಿಯಿಂದ ಯಮನಪ್ಪ ಗೌಂಡಿ ಬಂದ. ವರ್ಷಾನುಗಟ್ಟಲೆ ರಸ್ತೆಯ ಕೆಲಸದಲ್ಲಿದ್ದು, ಆಮೇಲೆ ಸ್ವಂತ ಗಾರೆ ಕೆಲಸ ಹಿಡಿದವನು. ಜೊತೆಗೆ ಹೆಂಡತಿ ತಂಗೆವ್ವ. ಯಮನಪ್ಪ ಮಾತು ಕಡಿಮೆಯ ಮನುಷ್ಯ. ತಂಗೆವ್ವ ಆ ಕೊರತೆ ತುಂಬಿಕೊಡುತ್ತಿದ್ದಳು. ಅವನು ಕುಕ್ಕರಗಾಲಿನಲ್ಲಿ ಕುಳಿತು ಸಂದಿನೊಳಗೆ ಕಬ್ಬಿಣದ ಸಲಾಕೆ ಇಳಿಸಿ ಅತ್ತಿತ್ತ ಆಡಿಸಿದ. ಪುಷ್ಯಮಾಸದ ಚಳಿ, ಸಂದುಗಳು ಬಾಯಿ ಬಿಟ್ಟುಕೊಂಡಿದ್ದವು.

"ಇವು ಬಿರುಕಲ್ರಿ ಸಾವಕಾರ್ರ, ಬೇಕಂತ ಬಿಟ್ಟ ಜಾಗಾ," ಎಂದ ಯಮನಪ್ಪ. "ಬ್ಯಾಸಗ್ಯಾಗ ಕಾಂಕ್ರೀಟ್ ಬೆಳಿತೈತ್ರಿ. ಬೆಳದದ್ದು ಎಲ್ಲಿ ಹೋಗಬೇಕು? ಇದರಾಗ ಹೋಗತೈತಿ. ಕಸಾ ಎಲ್ಲಾ ತಗದು, ತಳಕ್ಕ ಸೆಣಬಿನ ಹಗ್ಗಾ ಕೂಡ್ರಿಸಿ, ಮ್ಯಾಲ ಉಸುಕು ಕಲಸಿದ ಡಾಂಬರ ಕಾಸಿ ಹೊಯ್ಯೂಣು."

"ಡಾಂಬರ?" ಸಾವಕಾರರ ಮುಖದಲ್ಲಿ ಯಾರೋ ಅವರ ಧೋತರಕ್ಕೆ ಕೈ ಒರೆಸಿದಂಥ ಭಾವ ಬಂತು. "ಹತ್ತಿಗೆ ಡಾಂಬರ ಹತ್ತಿದ್ರ ಯಾರ ತಗೋತಾರೋ ಮಾಲ? ಪರ್ಮಿಟ್ ಮ್ಯಾಲ ತಂದ ಸಿಮೆಂಟ್ ಐತಿ. ಸಿಮೆಂಟ್ ತುಂಬಿಬಿಡು. ಸಪಾಟ ಆಗ್ಲಿ."

"ಸಿಮೆಂಟ್ ತುಂಬಿದ್ರ ಜಾಗಾನ ಇರಂಗಿಲ್ರಿ."

ಸಾವಕಾರರು ನನ್ನ ಕಡೆ ತಿರುಗಿದರು. "ಏ ಕಾರಕೂನ, ನೀ ಇಂಟರ್ ಓದಿದಾವ. ನೀ ಹೇಳು."

ಗೆಳೆಯರೇ, ಇಂಟರ್‌ನಲ್ಲಿ ನಾನು ಓದಿದ್ದು ಇತಿಹಾಸ ಮತ್ತು ತರ್ಕಶಾಸ್ತ್ರ. ಎರಡರಲ್ಲಿಯೂ ಕಾಂಕ್ರೀಟಿನ ಪ್ರಸ್ತಾಪ ಇರಲಿಲ್ಲ. 'ನನಗ ಗೊತ್ತಿಲ್ರಿ' ಎನ್ನಲು ಹೆಚ್ಚಿನ ಉಸಿರೇನೂ ಬೇಕಾಗುತ್ತಿರಲಿಲ್ಲ. ಆದರೆ ನಮ್ಮ ಕಡೆ ಓದಿದವನಿಗೆ ಪ್ರಶ್ನೆ ಕೇಳಿದ ಮೇಲೆ ಉತ್ತರದ ಜಾಗವನ್ನು ಖಾಲಿ ಬಿಡುವ ಪದ್ಧತಿ ಇಲ್ಲ. ಕೇಳುವವರಿಗೆ ಯಾವುದು ಇಷ್ಟವೋ ಅದನ್ನು ಕಲಸಿ, ತುಂಬಿ, ಮೇಲೆ ಕರಣೆಯಾಡಿಸಿ ಸಪಾಟು ಮಾಡಿಕೊಡುವುದೇ ವಿದ್ಯೆ ಎಂದು ನಾನು ತಿಳಿದಿದ್ದೆ. ಆರು ತಿಂಗಳ ಕರಾರಿನಲ್ಲಿ ಇನ್ನೂ ಎರಡು ತಿಂಗಳು ಉಳಿದಿದ್ದವು.

"ಸಿಮೆಂಟಿಗೆ ಸಿಮೆಂಟ್ ಸರಿ ರೀ," ಎಂದೆ. ಕಾರಣವನ್ನೂ ಕೊಡಬೇಕೆನ್ನಿಸಿತು. "ಜಾತಿಗೆ ಜಾತಿನ ಕೂಡಬೇಕು. ಡಾಂಬರ ಬ್ಯಾರೆ ಜಾತಿ."

ಬುಟ್ಟಿ ಹಿಡಿದು ನಿಂತಿದ್ದ ತಂಗೆವ್ವ ಆಗ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದಳು. ಯಮನಪ್ಪ ಸಲಾಕೆಯ ತುದಿಗೆ ಹತ್ತಿದ ಮಣ್ಣನ್ನು ಬೆರಳಿನಿಂದ ಒರೆಸಿದ. ಅವರ ಕೇರಿಯವರಿಗೆ ಊರಿನ ಬಾವಿಯಿಂದ ನೀರು ಸೇದುವ ಹಕ್ಕು ಇರಲಿಲ್ಲವೆಂಬುದು ನನಗೆ ಗೊತ್ತಿತ್ತು. ಆ ಕೇರಿಯ ಕೆಲವು ಮನೆಗಳವರು ಕೆಲ ವರ್ಷಗಳ ಹಿಂದೆ ಬುದ್ಧನ ಧರ್ಮಕ್ಕೆ ಹೋಗಿದ್ದಾರೆಂಬುದೂ ಗೊತ್ತಿತ್ತು. ನಾನು ಹೇಳಿದ್ದು ಸಿಮೆಂಟಿನ ಮಾತು, ಬೇರೇನೂ ಮನಸ್ಸಿನಲ್ಲಿರಲಿಲ್ಲ. ಅದೇ ಅದರ ಕೆಟ್ಟತನ ಎಂದು ಈಗ ಅನ್ನಿಸುತ್ತದೆ. ಮನಸ್ಸಿನಲ್ಲಿಲ್ಲದೆಯೂ ಬಾಯಿಯಲ್ಲಿ ಅಷ್ಟು ಸಲೀಸಾಗಿ ಇತ್ತು.

ಕೆಲಸಕ್ಕೆ ಮುಂಚೆ ಸಾವಕಾರರು ಕಾಯಿ ಒಡೆಸಿದರು. ಯಮನಪ್ಪ ಬದಿಗೆ ನಿಂತು, "ನಿಮ್ಮದು ಆಗ್ಲಿರಿ, ಅಲ್ಲೀತನಕ ನಾ ಉಸುಕು ಸಾಣಿಸ್ತೇನಿ," ಎಂದ. ಎರಡು ದಿನದಲ್ಲಿ ಎಲ್ಲ ಸಂದುಗಳಿಗೂ ಸಿಮೆಂಟು ತುಂಬಿದ. ತನಗೆ ಒಪ್ಪಿಗೆಯಿಲ್ಲದ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದವರನ್ನು ನಾನು ಮತ್ತೆ ಕಂಡಿಲ್ಲ. ಹೊರಡುವಾಗ ತಂಗೆವ್ವ ನನ್ನ ಹತ್ತಿರ ಬಂದು ಮೆಲ್ಲಗೆ, "ಯಪ್ಪಾ, ಚೈತ್ರ ಬರ್ಲಿರಿ," ಎಂದಳು. ಹಬ್ಬದ ಶುಭಾಶಯವೆಂದು ತಿಳಿದು ನಾನು ತಲೆಯಾಡಿಸಿದೆ.

ಸಾವಕಾರರಿಗೆ ನೆಲ ಬಹಳ ಹಿಡಿಸಿತು. ಬಂದವರ ಮುಂದೆ ನಿಂಬೆಹಣ್ಣು ಉರುಳಿಸಿ ತೋರಿಸುತ್ತಿದ್ದರು. ಎರಡು ತಿಂಗಳಾದ ಮೇಲೆ ನನ್ನ ನೌಕರಿ ಕಾಯಂ ಆಯಿತು, ಸ್ವಂತ ಮೇಜು ಬಂತು. ಮನೆಯಲ್ಲಿ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಚೈತ್ರ ಬಂತು, ವೈಶಾಖವೂ ಬಂತು. ಒಂದು ಮಟಮಟ ಮಧ್ಯಾಹ್ನ ಗ್ಯಾರೇಜಿನಲ್ಲಿ ಢಂ ಎಂದು ಸದ್ದಾಯಿತು. ಟಾಯರು ಒಡೆಯಿತೆಂದು ಮಿಸ್ತ್ರಿ ಎಲ್ಲ ಲಾರಿಗಳ ಟಾಯರು ನೋಡಿದ. ಎಲ್ಲವೂ ಗಟ್ಟಿ ಇದ್ದವು. ಮೂಲೆಯಲ್ಲಿಟ್ಟ ಹಳೆಯ ಟಾಯರುಗಳನ್ನೂ ತಟ್ಟಿ ನೋಡಿದ. ಕೊನೆಗೆ ಬಾಗಿಲ ಬೆಳಕಿನಲ್ಲಿ ನೋಡಿದರೆ ಅಂಗಳದ ಎರಡು ಚೌಕಗಳು ಸಂದಿನ ಹತ್ತಿರ ಒಂದಕ್ಕೊಂದು ಒತ್ತಿ, ಹಂಚಿನ ಮೇಲಿನ ರೊಟ್ಟಿಯಂತೆ ಮೇಲೆದ್ದು ನಿಂತಿದ್ದವು. ಅಂಚು ಒಡೆದು ಚೂರಾಗಿತ್ತು. ಒಳಗಿದ್ದ ಲಾರಿ ಒಳಗೇ ಉಳಿಯಿತು.

"ಯಾರ ಮಾಡಿದ್ದು ಇದು?" ಎಂದರು ಸಾವಕಾರರು. ಅವರು ಕೇಳಿದ್ದು ಬಹುಶಃ ದೇವರನ್ನು. ಉತ್ತರಿಸಿದವನು ನಾನು.

"ಗೌಂಡಿ ಕೆಲಸ ಸರಿ ಇಲ್ರಿ."

ನಾಲ್ಕು ಪದ. ಆ ಕ್ಷಣದಲ್ಲಿ ನನ್ನ ಮೇಜು, ಅವ್ವ ಹಂಚಿದ ಸಕ್ಕರೆ, ಎಲ್ಲವೂ ಆ ನಾಲ್ಕು ಪದಗಳ ಹಿಂದೆ ಅಡಗಿ ಕುಳಿತವು. ಸಾವಕಾರರು ಅದನ್ನು ನಂಬಿದರು. ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ದೊಡ್ಡವರ ಬಾಯಿಂದ ಬಂದ ಮಾತು ಲಾರಿಗಿಂತ ಬೇಗ ಊರು ಮುಟ್ಟುತ್ತದೆ.

ಹದಿನೈದು ದಿನಕ್ಕೆ ತಂಗೆವ್ವ ಒಬ್ಬಳೇ ಬಂದಳು. ಗ್ಯಾರೇಜಿನ ಹಿಂದೆ ಬಿಟ್ಟುಹೋಗಿದ್ದ ಜರಡಿ ಒಯ್ಯಲು ಬಂದೆ ಎಂದಳು. ಜರಡಿಯನ್ನು ಕೈಯಲ್ಲಿ ಹಿಡಿದು ನನ್ನ ಮೇಜಿನ ಮುಂದೆ ನಿಂತಳು.

"ಬಬಲೇಶ್ವರದಾಗ ಸಾವಕಾರ್ರ ಬೀಗರ ಗೋದಾಮು ನಮಗ ಬಂದಿತ್ರಿ. ವರ್ಷದ ಕೆಲಸ. ಈಗ ಒಲ್ಲೆ ಅಂದಾರ. ಇಲ್ಲಿ ಏನ ಹೇಳೀರಿ ನೀವು?"

"ಬಿಸಲಾಗ ಬಂದೀರಿ, ಚಾ ತರಸ್ತೇನಿ ಕೂಡ್ರಿ," ಎಂದೆ.

"ಚಾ ಬ್ಯಾಡ್ರಿ. ಮಾತ ಹೇಳ್ರಿ."

ನಾನು ಹೋಕು-ಬರವಿನ ಪುಸ್ತಕದ ಪುಟ ತಿರುವಿದೆ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, ಉಬ್ಬಿದ ಚೌಕವನ್ನು ಸುತ್ತುಹಾಕಿ ಹೋದಳು. ಎಲ್ಲರೂ ಅದನ್ನು ಸುತ್ತುಹಾಕಿಯೇ ಓಡಾಡುತ್ತಿದ್ದೆವು. ನಾನು ಕುಳಿತಲ್ಲಿಂದ ಅದು ನೇರ ಕಣ್ಣಿಗೆ ಬೀಳುತ್ತಿತ್ತು; ಮೇಜನ್ನು ಎರಡು ಸಲ ಸರಿಸಿ ನೋಡಿದೆ, ಉಪಯೋಗವಾಗಲಿಲ್ಲ.

ಮುಂದಿನ ರವಿವಾರ ತಿಕೋಟಾದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಘೋಣಸಗಿಗೆ ನಡೆದೆ. ಎರೆಹೊಲಗಳು ಬಿಸಿಲಿಗೆ ಬಿರಿದು ಕೈ ಇಳಿಯುವಷ್ಟು ಬಾಯಿ ತೆರೆದಿದ್ದವು. ಹುಟ್ಟಿದಾಗಿನಿಂದ ಪ್ರತಿ ಬೇಸಗೆಯೂ ನೋಡಿದ ನೆಲ. ಕಾಂಕ್ರೀಟು ಬಿಸಿಲಿಗೆ ಬೆಳೆದರೆ ಎರೆಮಣ್ಣು ಬಿಸಿಲಿಗೆ ಕುಗ್ಗುತ್ತದೆ. ಎರಡಕ್ಕೂ ಅಲುಗಾಡಲು ಜಾಗ ಬೇಕು. ಇಷ್ಟು ದೊಡ್ಡ ಪಾಠ ಕಾಲ ಕೆಳಗೇ ಹಾಸಿಕೊಂಡು ಬಿದ್ದಿರುವಾಗ ನಾನು ತರ್ಕಶಾಸ್ತ್ರ ಓದಲು ಊರು ಬಿಟ್ಟು ಹೋಗಿದ್ದೆ.

ಯಮನಪ್ಪ ಮನೆಯ ಮುಂದೆ ಕುಳಿತು ದನಕ್ಕೆ ನೀರುಣಿಸುವ ದೋಣಿಗೆಂದು ಕಲ್ಲು ಕೆತ್ತುತ್ತಿದ್ದ. ಒಳಗೆ ಗೋಡೆಯ ಮೇಲೆ ಹೊಸ ಚೌಕಟ್ಟಿನಲ್ಲಿ ಬುದ್ಧನ ಪಟ. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ನನಗೆ ಏನೂ ಗೊತ್ತಿರಲಿಲ್ಲವೆಂದು, ಸಾವಕಾರರ ಇಚ್ಛೆ ನೋಡಿ ಮಾತಾಡಿದೆನೆಂದು, ಆಮೇಲೆ ತಪ್ಪನ್ನು ಅವನ ಮೇಲೆ ಹಾಕಿದೆನೆಂದು. ಜಾತಿಯ ಮಾತನ್ನೂ ಎತ್ತಿದೆ. ಅವನು ಬೈಯುತ್ತಾನೆ, ಬೈಸಿಕೊಂಡು ಹಗುರಾಗಿ ಸಂಜೆಯ ಬಸ್ಸು ಹಿಡಿಯಬಹುದು ಎಂಬ ಲೆಕ್ಕಾಚಾರ ನನ್ನದು.

ಯಮನಪ್ಪ ಉಳಿಯನ್ನು ಕೆಳಗಿಟ್ಟ. "ನನ್ನ ಮುಂದ ಹೇಳಿದ್ರ ಏನ ಬಂತ್ರಿ ಕಾರಕೂನ್ರ? ನನಗ ಗೊತ್ತೇ ಐತಿ. ಗೊತ್ತಿಲ್ಲದವರ ಮುಂದ ಹೇಳ್ರಿ."

ತಂಗೆವ್ವ ಒಳಗಿನಿಂದ, "ನೀರ ಕುಡದು ಹೋಗ್ರಿ, ಕುಡ್ಯಾಂವ ಇದ್ರ," ಎಂದಳು. ಕುಡಿದೆ.

ಗೊತ್ತಿಲ್ಲದವರ ಮುಂದೆ ಹೇಳಲು ನನಗೆ ಇನ್ನೂ ಒಂಬತ್ತು ದಿನ ಬೇಕಾದವು. ಪ್ರತಿದಿನ ಸಾವಕಾರರು ಒಬ್ಬರೇ ಇರುವ ಹೊತ್ತು ನೋಡುತ್ತಿದ್ದೆ. ಒಬ್ಬರೇ ಇದ್ದಾಗ ಅವರ ಮುಖ ಸರಿ ಇಲ್ಲವೆನ್ನಿಸುತ್ತಿತ್ತು. ಹತ್ತನೆಯ ದಿನ ಬಬಲೇಶ್ವರದಿಂದ ಬೀಗರು ಬಂದು ಗ್ಯಾರೇಜಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಮಿಸ್ತ್ರಿಯೂ ಅಲ್ಲಿದ್ದ. ಮಾತು ನೆಲದ ಕಡೆ ಹೊರಳಿತು. ಸಾವಕಾರರು ಎಂದಿನಂತೆ, "ಘೋಣಸಗಿ ಗೌಂಡಿ ಕೆಡಿಸಿದ," ಎಂದರು.

ನಾನು ಎದ್ದು ನಿಂತೆ. ಯಾಕೆ ಎದ್ದೆನೋ, ಕುಳಿತು ಹೇಳಬಹುದಿತ್ತು. "ಅಂವ ಕೆಡಿಸಿಲ್ರಿ. ಡಾಂಬರ ಹಾಕೂಣು ಅಂತ ಅಂದಿದ್ದ. ಸಿಮೆಂಟ್ ಅಂದಾವ ನಾನು. ನನಗ ಅದರ ಬಗ್ಗೆ ಒಂದ ಅಕ್ಷರ ತಿಳಿತಿರಲಿಲ್ಲ. ಆಮ್ಯಾಲ ಅವನ ಹೆಸರ ಹೇಳಿದ್ದೂ ನಾನ."

ಮೊದಲು ಬಾಯಿಬಿಟ್ಟವರು ಬೀಗರು. ಅವರ ಚಿಂತೆ ಬೇರೆಯದಾಗಿತ್ತು. "ಅಲ್ಲೋ, ನಮ್ಮ ಗೋದಾಮಿನ್ಯಾಗ ಈಗ ಬಂದಾನಲ್ಲ ಹೊಸಾ ಗೌಂಡಿ, ಅಂವ ಸಂದು ಬಿಟ್ಟಾನೋ ಇಲ್ಲೋ?" ಎಂದರು. ಅದು ನಮಗಾರಿಗೂ ತಿಳಿದಿರಲಿಲ್ಲ. ಅವರು ಚಹವನ್ನು ಅರ್ಧಕ್ಕೇ ಬಿಟ್ಟು ಬಬಲೇಶ್ವರದ ಬಸ್ಸಿಗೆ ನಡೆದರು.

ಸಾವಕಾರರು ಉಬ್ಬಿದ ನೆಲವನ್ನೇ ನೋಡುತ್ತಿದ್ದರು. "ಸಪಾಟ ಆಗ್ಲಿ ಅಂದಾವ ನಾ. ನಾ ಅಂದೆ ಅಂತ ನೀ ಅಂದಿ. ನೀ ಅಂದಿ ಅಂತ ಅಂವ ಮಾಡಿದ. ಕಡೀಕ ಹೆಸರ ಹೋದದ್ದು ಅವಂದು." ಆಮೇಲೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. "ಕೆಲಸದಿಂದ ತಗಿಯಂಗಿಲ್ಲ ನಿನ್ನ. ಅವನ್ನ ಕರಕೊಂಡು ಬಾ. ತುಂಬಿಸಿದ್ದೆಲ್ಲಾ ನೀನ ನಿಂತು ತಗಿ. ಅವನ ಕೈಕೆಳಗ."

ಯಮನಪ್ಪನನ್ನು ಕರೆತರಲು ಲಾರಿಯನ್ನೇ ಕಳಿಸಿದರು. ಅವನು ಬಂದ. ಒಡೆದ ಎರಡು ಚೌಕಗಳನ್ನು ಆಗಲೇ ತೆಗೆದು ಹೊಸದಾಗಿ ಹಾಕಿದ. ಉಳಿದ ಸಂದುಗಳನ್ನು ದಸರಾ ಕಳೆದು ಬಿಸಿಲು ಹದಕ್ಕೆ ಬಂದ ಮೇಲೆ ಬಿಚ್ಚೋಣವೆಂದ. ಬಬಲೇಶ್ವರದ ಗೋದಾಮು ಮಾತ್ರ ಅವನಿಗೆ ಮರಳಿ ಬರಲಿಲ್ಲ. ಸಾವಕಾರರು ಕೆಟ್ಟ ಮಾತನ್ನು ಐವತ್ತು ಜನಕ್ಕೆ ಹೇಳಿದ್ದರು, ಒಳ್ಳೆಯ ಮಾತನ್ನು ಐದಾರು ಜನಕ್ಕೆ ಹೇಳಿ ದಣಿದರು. ಉಳಿದವರಿಗೆ ನಾನೇ ಅಂಗಡಿ ಅಂಗಡಿ ತಿರುಗಿ ಹೇಳಿದೆ. ಕೆಲವರು ಕೇಳಿಸಿಕೊಂಡರು, ಕೆಲವರು ನನಗೆ ಬಿಸಿಲು ಹತ್ತಿದೆ ಎಂದುಕೊಂಡರು. ಒಂದು ಹೆಸರು ಕೆಡಿಸಲು ನಾಲ್ಕು ಪದ ಸಾಕಾಗಿದ್ದವು. ತಿರುಗಿ ಕೂಡಿಸಲು ಎಷ್ಟು ಬೇಕೆಂದು ಎಣಿಸುವುದನ್ನು ನಾನು ಎಂದೋ ಬಿಟ್ಟೆ. ನೆಲದ ಮಟ್ಟಿಗೆ ಹೇಳುವುದಾದರೆ, ಮುಂದೆ ನಾನು ಅಲ್ಲಿದ್ದಷ್ಟು ವರ್ಷವೂ ಅದು ಬೇಸಗೆಗೆ ಬೆಳೆಯಿತು, ಚಳಿಗೆ ಕುಗ್ಗಿತು, ಯಾರಿಗೂ ತೊಂದರೆ ಕೊಡಲಿಲ್ಲ.

ದಸರಾ ಕಳೆದ ಮೇಲಿನ ಆ ಕೆಲಸದ ಮಾತು ಇನ್ನೂ ಉಳಿದಿದೆ. ಯಮನಪ್ಪ ಎರಡು ದಿನದಲ್ಲಿ ತುಂಬಿದ್ದನ್ನು ತೆಗೆಯಲು ನನಗೆ ಹದಿನೇಳು ದಿನ ಹಿಡಿದವು. ಉಳಿ, ಸುತ್ತಿಗೆ, ಮಂಡಿಯ ಕೆಳಗೆ ಗೋಣಿತಟ್ಟು. ಮೇಲ್ವಿಚಾರಣೆ ತಂಗೆವ್ವನದು. "ಅಂಚು ಒಡೀಬ್ಯಾಡ್ರಿ, ಉಳಿ ಒಳಗ ವಾಲಸ್ರಿ," ಎನ್ನುತ್ತಿದ್ದಳು. ಮುಗಿಯಿತೆಂದು ನಾನು ಬೆನ್ನು ನೆಟ್ಟಗೆ ಮಾಡಿದರೆ ಪೊರಕೆಯ ಕಡ್ಡಿ ಹಾಕಿ ಕೆದಕಿ, "ತಳದಾಗ ಇನ್ನೂ ಐತಿ," ಎನ್ನುತ್ತಿದ್ದಳು. ತಳದಲ್ಲಿ ಯಾವಾಗಲೂ ಇನ್ನೂ ಇರುತ್ತಿತ್ತು. ಒಂದು ಸಂದು ಸ್ವಚ್ಛವಾದ ಮೇಲೆ ಯಮನಪ್ಪ ಹಗ್ಗ ಕೂಡ್ರಿಸಿ, ನಾನು ಎತ್ತಿಕೊಟ್ಟ ಕುದಿಯುವ ಡಾಂಬರನ್ನು ಒಂದೇ ಸಮ ಹೊಯ್ಯುತ್ತಿದ್ದ. ನೆಲದ ಮಟ್ಟಕ್ಕೆ ಬರದಂತೆ, ಒಂದು ಕೂದಲು ಕೆಳಗೆ. ಕರಣೆ ಮುಟ್ಟಿಸುತ್ತಿರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅವರು ಬುತ್ತಿ ಬಿಚ್ಚಿದಾಗ ನಾನು ಎಂದಿನಂತೆ ಎದ್ದು ಮೇಜಿನ ಕಡೆ ಹೊರಟೆ. ಅಂದು ನಾನು ಬುತ್ತಿ ಮರೆತಿದ್ದೆ. ತಂಗೆವ್ವ ಅದನ್ನು ಮುಂಜಾನೆಯೇ ಗಮನಿಸಿದ್ದಳು. "ಕೈತುಂಬ ಡಾಂಬರ ಮಾಡ್ಕೊಂಡು ಎಲ್ಲಿ ಹೊಂಟ್ರಿ? ಕೂಡ್ರಿ," ಎಂದು ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿ ಮುಂದಿಟ್ಟಳು. ಯಮನಪ್ಪ ಗೋಣಿತಟ್ಟನ್ನು ಸ್ವಲ್ಪ ಸರಿಸಿದ. ಕುಳಿತೆ. ಪುಂಡಿಪಲ್ಲೆ ಎಷ್ಟು ಖಾರವಿತ್ತೆಂದರೆ ಯಾವ ಗಹನವಾದ ವಿಚಾರಕ್ಕೂ ಆಸ್ಪದವಿರಲಿಲ್ಲ.

ಸಂಜೆ ಮನೆಯಲ್ಲಿ ಅವ್ವ ಕೇಳಿದಳು: "ಬುತ್ತಿ ಇಲ್ಲೇ ಬಿಟ್ಟ ಹೋಗಿದ್ದಿ. ಎಲ್ಲಿ ಉಂಡಿ?"

ಪೇಟೆಯ ಖಾನಾವಳಿಯ ಹೆಸರು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿತ್ತು. ನುಣುಪಾಗಿ ಕೂಡುತ್ತಿತ್ತು, ಅವ್ವನೂ ನಿಂಬೆಹಣ್ಣು ಉರುಳಿಸಿ ನೋಡುವವಳಲ್ಲ. "ಯಮನಪ್ಪನ ಹೆಂಡ್ತಿ ತಂದ ರೊಟ್ಟಿ ಉಂಡೆ ಬೇ. ಅವರ ಜೋಡಿ ಕುಂತು," ಎಂದೆ.

ಅವ್ವ ಮೂರು ದಿನ ನನ್ನ ತಾಟನ್ನು ಒಳಗೆ ತರದೆ ಹಿತ್ತಲ ಕಲ್ಲಿನ ಮೇಲೆ ಬಿಟ್ಟಳು. ನಾನೇ ತೊಳೆದು ತಂದೆ. ನಾನೂ ಏನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಮೌನವನ್ನು ತುಂಬುವ ಮಾತುಗಳು ನನ್ನ ಬಳಿ ಎಷ್ಟೋ ಇದ್ದವು, ಒಂದನ್ನೂ ಕಲಸಲು ಹೋಗಲಿಲ್ಲ. ನಾಲ್ಕನೆಯ ಮುಂಜಾನೆ ಹೊರಡುವಾಗ ಬುತ್ತಿಯ ಗಂಟು ಭಾರವೆನ್ನಿಸಿತು. ಬಿಚ್ಚಿ ನೋಡಿದೆ. ರೊಟ್ಟಿಯ ಪಕ್ಕದಲ್ಲಿ ಹಿತ್ತಾಳೆಯ ಮುಚ್ಚಳದ ದೊಡ್ಡ ಡಬ್ಬಿ, ಅದರ ತುಂಬ ಗಟ್ಟಿ ಮೊಸರು.

ಅವ್ವ ಒಲೆಯ ಕಡೆ ಮುಖ ಮಾಡಿ ಕುಳಿತಿದ್ದಳು. "ಪುಂಡಿಪಲ್ಲೆ ಖಾರ ಇರತದ," ಎಂದಳು, ತಿರುಗಿ ನೋಡದೆ. "ಮೂರ ಮಂದಿಗೆ ಸಾಲ್ತದ ನೋಡು."